ಭಯಪಟ್ಟ ಮಗುವಿಗೆ ಆಟದ ಚಿಕಿತ್ಸೆ ಸಹಾಯ ಮಾಡುತ್ತದೆಯೇ?

ಪ್ರಶ್ನೆ: ಅಪಘಾತ ನೋಡಿದ ಮೇಲೆ ನನ್ನ 6 ವರ್ಷದ ಮಗ ದಿನವಿಡೀ ಆಟಿಕೆ ಕಾರುಗಳನ್ನು ಡಿಕ್ಕಿ ಹೊಡೆಸುತ್ತಾನೆ. ಆಟದ ಚಿಕಿತ್ಸೆ ಬೇಕಾ? ನಾವು ಕಾಸರಗೋಡಿನವರು.

ಉತ್ತರ: ಮೊದಲು, ಅವನನ್ನು ಬೈಯಬೇಡಿ. ಈ ವಯಸ್ಸಿನ ಮಕ್ಕಳಿಗೆ ಆದದ್ದನ್ನು ಹೇಳಲು ಮಾತು ಸಾಲುವುದಿಲ್ಲ, ಆಟದಲ್ಲೇ ಹೇಳುತ್ತಾರೆ. ಆಟದಲ್ಲಿ ಕಾರು ಅವನ ಕೈಯಲ್ಲಿರುತ್ತದೆ, ರಸ್ತೆಯಲ್ಲಿ ಇರಲಿಲ್ಲ ಅಲ್ವಾ?

ಗಮನಿಸಬೇಕಾದ್ದು ಆಟ ಬದಲಾಗುತ್ತಿದೆಯೇ ಎಂದು. ಇವತ್ತು ಡಿಕ್ಕಿ, ನಾಳೆ ಆಂಬುಲೆನ್ಸ್, ಆಮೇಲೆ ಗೊಂಬೆಗೆ ಬ್ಯಾಂಡೇಜ್ ಬಂದರೆ ಒಳ್ಳೆಯ ಲಕ್ಷಣ. ವಾರಗಟ್ಟಲೆ ಅದೇ ಡಿಕ್ಕಿ, ಮುಖದಲ್ಲಿ ನಗುವಿಲ್ಲ, ರಾತ್ರಿ ಬೆಚ್ಚಿಬೀಳುತ್ತಾನೆ ಎಂದಾದರೆ ತಡಮಾಡದೆ ಮಕ್ಕಳ ಮನೋತಜ್ಞರಿಗೆ ತೋರಿಸಿ. ಆಟದ ಚಿಕಿತ್ಸೆ ಎಂದರೆ, ಅಲ್ಲಿ ಗೊಂಬೆ, ಮರಳು, ಬಣ್ಣ ಇಟ್ಟು ಮಗುವಿನ ಜೊತೆ ಕೂರುತ್ತಾರೆ. ಆಟ ಮಗುವಿನದೇ. ಸಿಕ್ಕಿಕೊಂಡಲ್ಲಿ ಮಾತ್ರ ಮೆಲ್ಲನೆ, "ಈಗ ಯಾರು ಸಹಾಯಕ್ಕೆ ಬರ್ತಾರೆ?" ಎಂದು ಕೇಳುತ್ತಾರೆ. ಒಂದೆರಡು ಭೇಟಿಯಲ್ಲಿ ಮುಗಿಯುವ ಕೆಲಸವಲ್ಲ.

ನಮ್ಮ ಕಡೆ ಇನ್ನೊಂದು ಮುಖ್ಯ ವಿಷಯವಿದೆ. ಮಗು ಮನೆಯಲ್ಲಿ ಕನ್ನಡ ಅಥವಾ ತುಳು ಆಡುತ್ತಿದ್ದರೆ, ಆ ಭಾಷೆ ಬಲ್ಲವರನ್ನೇ ಕೇಳಿ ಹುಡುಕಿ. ಭಯವನ್ನು ಮಲಯಾಳಕ್ಕೆ ತಿರುಗಿಸಿ ಹೇಳುವ ಕಷ್ಟ ಆ ಪುಟ್ಟ ಜೀವಕ್ಕೆ ಯಾಕೆ?

ಮನೆಯಲ್ಲಿ ದಿನಕ್ಕೆ ಅರ್ಧ ಗಂಟೆ ಫೋನ್ ಬದಿಗಿಟ್ಟು ಅವನ ಜೊತೆ ನೆಲದಲ್ಲಿ ಕೂರಿ. ತೆಂಗಿನ ಗೆರಟೆ, ಕೆಂಪು ಮಂಜೊಟ್ಟಿ ಬೀಜ, ಅಡಿಕೆ ಹಾಳೆ ಸಾಕು. ಪ್ರಶ್ನೆ ಜಾಸ್ತಿ ಬೇಡ, "ಕಾರು ಬಿತ್ತು, ಅದಕ್ಕೆ ಹೆದರಿಕೆಯಾಯ್ತು" ಎಂದರೆ ಸಾಕು. ಎಲ್ಲಿಂದ ಶುರು ಮಾಡುವುದೆಂದು ತಿಳಿಯದಿದ್ದರೆ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಉಚಿತ.