ಬಸ್ಸಾರಿನ ಪಲ್ಯ, ನಿಂಬೆಗಾತ್ರದ ಮುದ್ದೆ

(ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಲಾಗಿದೆ.)

ಮಂಡ್ಯ ಸೀಮೆಯ 44 ವರ್ಷದ ಶಿಕ್ಷಕಿಯೊಬ್ಬರು ನನ್ನಲ್ಲಿಗೆ ಬಂದದ್ದು ಊಟದ ಪಟ್ಟಿ ಕೇಳಲಿಕ್ಕಲ್ಲ, ತಮಗೆ ಮನೋಬಲವೇ ಇಲ್ಲವೆಂದು ಹೇಳಿಕೊಳ್ಳಲಿಕ್ಕೆ. ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದ ಅವರಿಗೆ ವೈದ್ಯರು ಅನ್ನ, ಮುದ್ದೆ ಕಡಿಮೆ ಮಾಡಲು ಹೇಳಿದ್ದರು. ಅಂದಿನಿಂದ ರಾತ್ರಿ ಮನೆಮಂದಿಗೆಲ್ಲ ಮುದ್ದೆ, ಸಾರು ಬಡಿಸಿ, ತಾವೊಬ್ಬರು ಮಾತ್ರ ಒಂದು ಬಟ್ಟಲು ಸೌತೆಕಾಯಿ ಹೆಚ್ಚಿಕೊಂಡು ತಿನ್ನುತ್ತಿದ್ದರು. ಹನ್ನೊಂದರ ಹೊತ್ತಿಗೆ ಹಸಿವು ತಾಳಲಾರದೆ, ದೀಪವನ್ನೂ ಹಾಕದೆ, ಡಬ್ಬದಿಂದ ರಸ್ಕು ತೆಗೆದು ತಿನ್ನುತ್ತಿದ್ದರು. "ನಮ್ಮನೇಲೇ ಕದ್ದು ತಿಂತೀನಿ ಮೇಡಂ" ಎಂದು ತಲೆತಗ್ಗಿಸಿದರು.

ಮನೋಬಲದ ಮಾತನ್ನು ನಾನು ಅಲ್ಲಿಗೇ ಬಿಡಿಸಿದೆ. ಪ್ರೋಟೀನೂ ಕೊಬ್ಬೂ ಇಲ್ಲದ ಬರೀ ಸೌತೆಕಾಯಿ ತಿಂದವರಿಗೆ ನಡುರಾತ್ರಿಯೊಳಗೆ ಹಸಿವಾಗದಿದ್ದರೆ ಅದೇ ಆಶ್ಚರ್ಯ. ರಾಗಿ ಎಷ್ಟು ತಿಂದರೂ ಸಕ್ಕರೆ ಏರುವುದಿಲ್ಲವೆಂಬ ಅವರ ಅತ್ತೆಯವರ ನಂಬಿಕೆಗೂ ಉತ್ತರ ಹೇಳಬೇಕಿತ್ತು: ರಾಗಿಯಲ್ಲಿ ನಾರು, ಕ್ಯಾಲ್ಸಿಯಂ ಹೆಚ್ಚಿರುವುದು ನಿಜ, ಆದರೆ 100 ಗ್ರಾಂ ಹಿಟ್ಟಿನ ಮುದ್ದೆಯಲ್ಲಿ ಸುಮಾರು 70 ಗ್ರಾಂ ಕಾರ್ಬೋಹೈಡ್ರೇಟ್ (ಚಿಕ್ಕದಾಗಿ ಕಾರ್ಬ್, ಅಂದರೆ ಜೀರ್ಣವಾದಾಗ ಸಕ್ಕರೆಯಾಗುವ ಪಿಷ್ಟದಂಥ ಅಂಶ) ಇರುತ್ತದೆ, ಅದರ ಮೇಲೆ 150 ಗ್ರಾಂ ಅನ್ನ ಉಂಡರೆ ಇನ್ನೂ 40 ಗ್ರಾಂ ಸೇರುತ್ತದೆ. ಒಂದೇ ಊಟಕ್ಕೆ ಹೀಗೆ 110 ಗ್ರಾಂ ಆಯಿತು; ದಿನವಿಡೀ 130 ಗ್ರಾಂಗಿಂತ ಕಡಿಮೆ ಇದ್ದರೆ ಅದನ್ನು ಕಡಿಮೆ ಕಾರ್ಬ್ ಆಹಾರವೆನ್ನುವುದು ರೂಢಿ.

ಅವರ ಮಾತ್ರೆಗಳಲ್ಲಿ, ಇನ್ಸುಲಿನ್ ಹೆಚ್ಚಿಸಿ ರಕ್ತದ ಸಕ್ಕರೆ ಇಳಿಸುವ ಗ್ಲಿಮೆಪಿರೈಡ್ ಇದ್ದುದರಿಂದ, ಯಾವ ಬದಲಾವಣೆಗೂ ಮೊದಲು ವೈದ್ಯರನ್ನು ಕಂಡು ಬರಲೇಬೇಕೆಂದು ಒತ್ತಾಯಿಸಿದೆ. ಊಟದಲ್ಲಿ ಕಾರ್ಬ್ ಇಳಿದು ಮಾತ್ರೆಯ ಪ್ರಮಾಣ ಹಾಗೆಯೇ ಉಳಿದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ವೈದ್ಯರು ಪ್ರಮಾಣ ತಗ್ಗಿಸಿದ ಮೇಲೆ ಅಡುಗೆಯ ಮಾತಿಗೆ ಬಂದೆವು.

ಬೇರೆ ಅಡುಗೆ ಬೇಡ, ಬೇರೆ ತಟ್ಟೆಯೂ ಬೇಡ ಎಂಬುದೇ ನನ್ನ ಮುಖ್ಯ ಸಲಹೆಯಾಗಿತ್ತು. ಅವರ ಮನೆಯಲ್ಲಿ ವಾರಕ್ಕೆರಡು ಸಲವಾದರೂ ಬಸ್ಸಾರು ಆಗುತ್ತದೆ. ಬೇಯಿಸಿದ ಸೊಪ್ಪು, ಕಾಳುಗಳ ಕಟ್ಟನ್ನು ಬಸಿದು ಸಾರು ಮಾಡಿ, ಉಳಿದುದಕ್ಕೆ ಒಗ್ಗರಣೆ ಕೊಟ್ಟು ಕಾಯಿತುರಿ ಉದುರಿಸಿದ ಪಲ್ಯವನ್ನು ಎಲ್ಲರೂ ಮುದ್ದೆಯ ಪಕ್ಕದಲ್ಲಿ ಒಂದು ಚಮಚ ಬಡಿಸಿಕೊಳ್ಳುವುದು ವಾಡಿಕೆ. ಈ ಲೆಕ್ಕವನ್ನೇ ತಿರುಗಿಸಿ, ತಟ್ಟೆಯ ಮುಕ್ಕಾಲು ಪಾಲು ಪಲ್ಯ, ಜೊತೆಗೆ ಬೇಯಿಸಿದ ಎರಡು ಮೊಟ್ಟೆ, ಸಾರಿಗೆ ಅದ್ದಿ ನುಂಗಲು ನಿಂಬೆಹಣ್ಣಿನ ಗಾತ್ರದ ಮುದ್ದೆ ಎಂದು ನಿಗದಿ ಮಾಡಿದೆವು. ಕಾಳಿನಲ್ಲೂ ಕಾರ್ಬ್ ಇರುವುದರಿಂದ ಅದು ಒಂದು ಪಾಲಾದರೆ ಸೊಪ್ಪು ಎರಡು ಪಾಲಿರಲಿ ಎಂದೆ. ಮುದ್ದೆಯನ್ನು ಪೂರ್ತಿ ಬಿಡಿಸಲು ನನಗೆ ಮನಸ್ಸಿರಲಿಲ್ಲ. ಮಂಡ್ಯದವರಿಗೆ ಮುದ್ದೆಯಿಲ್ಲದ ರಾತ್ರಿ ಊಟ ಊಟವೆನಿಸುವುದಿಲ್ಲ, ಊಟವೆನಿಸದ್ದು ಹೆಚ್ಚು ದಿನ ನಡೆಯುವುದೂ ಇಲ್ಲ.

ಬೆಳಿಗ್ಗೆ ನುಗ್ಗೆಸೊಪ್ಪು ಹಾಕಿದ ಆಮ್ಲೆಟ್ಟು, ಮಧ್ಯಾಹ್ನದ ಡಬ್ಬಿಗೆ ಹುರುಳಿಕಾಯಿ ಪಲ್ಯ, ಪನೀರು, ಗಟ್ಟಿ ಮೊಸರು, ಭಾನುವಾರ ಎಂದಿನ ಕೋಳಿಸಾರು ಎಂದು ಬರೆದುಕೊಟ್ಟೆ. ಮೂತ್ರಪಿಂಡದ ತೊಂದರೆಯಾಗಲಿ ರಕ್ತದೊತ್ತಡವಾಗಲಿ ಇಲ್ಲದ್ದರಿಂದ, ಮೊದಲ ವಾರ ತಲೆನೋವು, ಸುಸ್ತು ಕಂಡರೆ ಉಪ್ಪು ಹಾಕಿದ ಮಜ್ಜಿಗೆ ಕುಡಿಯಬಹುದೆಂದೆ. ಬೆವರಿ ಕೈ ನಡುಗಿದರೆ ಮಾತ್ರ ಅದು ಸಕ್ಕರೆ ಕುಸಿದ ಲಕ್ಷಣವಿರಬಹುದು, ತಡಮಾಡದೆ ಸಕ್ಕರೆ ನೀರು ಕುಡಿದು ವೈದ್ಯರಿಗೆ ತಿಳಿಸಬೇಕೆಂದೂ ಎಚ್ಚರಿಸಿದೆ.

ಆರು ವಾರಗಳ ನಂತರ ಬಂದಾಗ ರಸ್ಕಿನ ಡಬ್ಬದ ನೆನಪೇ ಆಗುತ್ತಿಲ್ಲವೆಂದರು. ಮನೆಯಲ್ಲೀಗ ಪಲ್ಯ ಸಾಲದೆ ಸೊಪ್ಪು ಎರಡು ಕಟ್ಟು ಹೆಚ್ಚಿಗೆ ತರಬೇಕಾಗಿದೆಯಂತೆ. ಶಾಲೆಯಲ್ಲಿ ನಾಲ್ಕು ಗಂಟೆಯ ಕಾಫಿಯ ಜೊತೆಗಿನ ಬಿಸ್ಕತ್ತು ಮಾತ್ರ ಬಿಟ್ಟಿಲ್ಲ. ಅದನ್ನು ಮುಂದಿನ ಭೇಟಿಗೆ ಇಟ್ಟುಕೊಂಡಿದ್ದೇವೆ.