ಸಿಎಸ್‌ವಿ ಫೈಲಿನ ಲಿಂಕ್ ಕೊಟ್ಟರೂ ಯಾರೂ ಉತ್ತರಿಸ್ತಿಲ್ಲ, ಹೇಗೆ ಕೇಳಬೇಕು?

ದರದ ಕಾಲಮ್ ಕೂಡಿಸಲು ಹೋದರೆ ಪೈಥಾನ್ ಪ್ರೋಗ್ರಾಮ್ ವ್ಯಾಲ್ಯೂಎರರ್ (ಸಂಖ್ಯೆಯಾಗಿ ಓದಲಾಗದ್ದೇನೋ ಸಿಕ್ಕಿದೆ ಅನ್ನೋ ದೂರು) ಕೊಡುತ್ತೆ, ನಾಲ್ಕು ಸಾವಿರ ಸಾಲಿನ ಸಿಎಸ್‌ವಿ (ಕಾಲಮ್ಮುಗಳ ನಡುವೆ ಅಲ್ಪವಿರಾಮ ಇರುವ ಸಾದಾ ಅಕ್ಷರದ ಪಟ್ಟಿ) ಫೈಲಿನ ಗೂಗಲ್ ಡ್ರೈವ್ ಲಿಂಕೂ ಸ್ಕ್ರೀನ್‌ಶಾಟೂ ಹಾಕಿದ್ದೀನಿ, ಆದರೂ ಯಾರೂ ತಿರುಗಿ ನೋಡ್ತಿಲ್ಲ ಅಂತ ಕೇಳಿದ್ದೀರಿ. ನಾನೂ ಹೀಗೇ ಮಾಡಿ ಕೂತಿದ್ದವನು.

ನಮ್ಮದು ಕೋಲಾರ. ಎಪಿಎಂಸಿಯಲ್ಲಿ ಟೊಮೆಟೊ ಮಂಡಿ ಇಟ್ಟಿರುವ ಗೆಳೆಯನೊಬ್ಬ ದಿನದ ಹರಾಜಿನ ಲೆಕ್ಕವನ್ನು ಎಕ್ಸೆಲ್‌ನಲ್ಲಿ ಬರೆದಿಡುತ್ತಾನೆ. ದಿನಾಂಕ, 15 ಕೆಜಿ ಬಾಕ್ಸಿನ ದರ, ಬಂದ ಬಾಕ್ಸು, ಅಷ್ಟೇ. ಅದನ್ನು ಸಿಎಸ್‌ವಿ ಮಾಡಿಸಿಕೊಂಡು ಪ್ರತಿ ಸಾಲನ್ನೂ ಕಾಲಮ್ಮಿನ ಹೆಸರಿನೊಂದಿಗೆ ಕೊಡುವ ಪೈಥಾನಿನ ಡಿಕ್ಟ್‌ರೀಡರ್‌ನಲ್ಲಿ ಓದಿದೆ. 'ದಿನಾಂಕ' ಕಾಲಮ್ಮೇ ಇಲ್ಲ ಅಂತ ಕೀಎರರ್! ಫೈಲ್ ತೆರೆದರೆ ಕಣ್ಣೆದುರೇ ಇದೆ. ಉಳಿದ ಎರಡು ಕಾಲಮ್ ಸರಿಯಾಗಿ ಬರ್ತಿವೆ.

ಲಿಂಕ್ ಹಾಕಿ ಕೇಳಿದೆ. ತೆರೆಯಲು ಹೋದವರಿಗೆ ಅದು ಅನುಮತಿ ಕೇಳಿತಂತೆ. ಸ್ಕ್ರೀನ್‌ಶಾಟ್ ನೋಡಿ ಯಾರು ತಾನೆ ಕೂತು ಟೈಪ್ ಮಾಡ್ತಾರೆ? ಕೊನೆಗೊಬ್ಬರು, "ಫೈಲಿನ ಮೇಲಿನ ನಾಲ್ಕು ಸಾಲನ್ನು ಕಾಪಿ ಮಾಡಿ ಕೋಡಿನೊಳಗೇ ಸ್ಟ್ರಿಂಗ್ (ಉದ್ಧರಣ ಚಿಹ್ನೆಯೊಳಗಿನ ಅಕ್ಷರ) ಮಾಡಿ, ಅದನ್ನೇ ಫೈಲಿನಂತೆ ಓದಿಸುವ ಸ್ಟ್ರಿಂಗ್‌ಐಓ ಮೂಲಕ ಓದಿಸಿ" ಅಂದರು. ಮಾಡಿದೆ. ಎರರ್ರೇ ಬರಲಿಲ್ಲ! ಮೊದಲು ಪೆಚ್ಚಾದೆ. ಆಮೇಲೆ ಹೊಳೆಯಿತು: ಅದೇ ಕೋಡು, ಅದೇ ಅಕ್ಷರ, ಹಾಗಾದರೆ ತೊಂದರೆ ಇರೋದು ಫೈಲಿನಲ್ಲೇ. ಫೈಲನ್ನು ಬೈನರಿ ಮೋಡಿನಲ್ಲಿ, ಅಂದರೆ ಅಕ್ಷರವಾಗಿ ಅಲ್ಲದೆ ಬೈಟ್‌ಗಳಾಗಿಯೇ ತೆರೆದು ಮೊದಲ 20 ಬೈಟ್ ಹಾಕಿದೆ. ಶುರುವಲ್ಲೇ ಇಎಫ್, ಬಿಬಿ, ಬಿಎಫ್ ಅಂತ ಮೂರು ಬೈಟ್. ಎಕ್ಸೆಲ್ 'ಸಿಎಸ್‌ವಿ ಯುಟಿಎಫ್-8' ಅಂತ ಉಳಿಸುವಾಗ ಫೈಲಿನ ಶುರುವಿನಲ್ಲಿ ಹಾಕೋ, ಕಣ್ಣಿಗೆ ಕಾಣದ ಬಿಓಎಂ ಗುರುತು ಅದು. ಕಾಪಿ ಮಾಡಿದಾಗ ಉದುರಿಹೋಗಿತ್ತು. ಫೈಲಿನಲ್ಲಿ ಮೊದಲ ಕಾಲಮ್ಮಿನ ಹೆಸರಿಗೆ ಅಂಟಿಕೊಂಡಿತ್ತು. ಫೈಲ್ ತೆರೆಯುವಾಗ ಎನ್‌ಕೋಡಿಂಗ್ ಅನ್ನು ಆ ಗುರುತನ್ನು ಬಿಟ್ಟು ಓದುವ 'ಯುಟಿಎಫ್-8-ಸಿಗ್' ಅಂತ ಬದಲಿಸಿದೆ, ಮುಗೀತು.

ನೀವೂ ಲಿಂಕ್ ಬಿಡಿ, ಐದಾರು ಸಾಲು ಪ್ರಶ್ನೆಯೊಳಗೇ ಹಾಕಿ. ಆದರೆ ಸುಮ್ನೆ ಮೊದಲ ಐದು ಬೇಡ. ಬಾಕ್ಸಿನ ಮೇಲೆ ಯಾವಾಗಲೂ ಒಳ್ಳೇ ಹಣ್ಣೇ ಇರುತ್ತೆ ಅಲ್ವಾ? ಎರಡು ಸಾವಿರನೇ ಸಾಲಿನಾಚೆ ಎಲ್ಲೋ ಯಾರೋ ದರವನ್ನು '400/-' ಅಂತ ಬರೆದಿದ್ದರೆ ಪೈಥಾನಿಗೆ ಅದು ಸಂಖ್ಯೆಯಲ್ಲ, ಆ ಸಾಲೇ ಬೇಕು. ಫೈಲನ್ನು ಅರ್ಧರ್ಧ ಮಾಡ್ತಾ ಹೋಗಿ, ಎರರ್ ಬರುವ ಅರ್ಧ ಮಾತ್ರ ಇಟ್ಟುಕೊಳ್ಳಿ. 4,000 ಸಾಲಾದರೂ ಹನ್ನೆರಡು ಸಲಕ್ಕೆ ಸಿಕ್ಕಿಬಿಡುತ್ತೆ. ಎರರ್ ಸಂದೇಶ ಪೂರ್ತಿ, ಅಕ್ಷರದಲ್ಲೇ ಹಾಕಿ. ರೈತರ ಹೆಸರು, ಫೋನ್ ನಂಬರ್ ಇದ್ದರೆ 'ರೈತ 1', 'ರೈತ 2' ಅಂತ ಮಾಡಿ. 03-04-2024 ಅಂದರೆ ಏಪ್ರಿಲ್ ಮೂರೋ ಮಾರ್ಚ್ ನಾಲ್ಕೋ, ಅದನ್ನೂ ಹೇಳಿ. ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಫೈಲಾದರೆ ಮೊದಲೇ ತಿಳಿಸಿ, ಬೇರೆಯವರ ಕಂಪ್ಯೂಟರಿನಲ್ಲಿ ಅದು ಬರೀ ಇಂಗ್ಲಿಷ್ ಅಕ್ಷರಗಳ ರಾಶಿ.

ಅಂದಹಾಗೆ, ನಿಮ್ಮ ಸ್ಕ್ರೀನ್‌ಶಾಟಿನ ಎಂಟನೇ ಸಾಲು ನೋಡಿ. ಎಲ್ಲಾ ದರ ಬಲಕ್ಕಿವೆ, ಅದೊಂದು ಎಡಕ್ಕೆ ಸರಿದಿದೆ. ಎಕ್ಸೆಲ್ ಅದನ್ನು ಸಂಖ್ಯೆ ಅಂತ ಓದಿಲ್ಲ. ಸೊನ್ನೆಯ ಜಾಗದಲ್ಲಿ ಇಂಗ್ಲಿಷಿನ 'ಓ' ಕೂತಿದೆಯಾ ನೋಡಿ.