ಹಿಂದಿನ ಚಕ್ರ ಹಾಕಿದ್ಮೇಲೆ ಒಂದು ವಾಷರ್ ಉಳ್ಕೊಂಡಿದೆ, ಪರವಾಗಿಲ್ವಾ?

ಪ್ರಶ್ನೆ: ನಮಸ್ತೆ ಸರ್, ನಮ್ಮದು ನಾಪೋಕ್ಲು ಹತ್ರ ತೋಟದ ಮನೆ. 110 ಸಿಸಿ ಸ್ಕೂಟರ್ ಇದೆ, ಹಿಂದಿನ ಟಯರ್ ಪಂಕ್ಚರ್ ಆಯ್ತು, ಈ ಮಳೇಲಿ ತಳ್ಕೊಂಡು ಹೋಗೋಕಾಗಲ್ಲ ಅಂತ ಮನೇಲೇ ಸೈಲೆನ್ಸರ್ ಬಿಚ್ಚಿ ಚಕ್ರ ತೆಗ್ದು ಬಸ್ಸಲ್ಲಿ ಒಯ್ದು ಪಂಕ್ಚರ್ ಹಾಕಿಸ್ಕೊಂಡು ಬಂದೆ. ವಾಪಸ್ ಹಾಕುವಾಗ ಚಕ್ರ ಪೂರ್ತಿ ಒಳಗೆ ಕೂರ್ಲಿಲ್ಲ, ನಟ್ಟೇ ಎಳ್ಕೊಳ್ಳುತ್ತೆ ಅಂತ ಟೈಟ್ ಮಾಡ್ದೆ. ಈಗ ಆಕ್ಸಿಲರೇಟರ್ ಕೊಟ್ಟಾಗ್ಲೂ ಬಿಟ್ಟಾಗ್ಲೂ ಹಿಂದೆ ಟಕ್ ಅನ್ನುತ್ತೆ, ಎರಡು ದಿನಕ್ಕೆ ನಟ್ಟು ಲೂಸ್. ಒಂದು ದಪ್ಪ ವಾಷರ್ ಬೇರೆ ಡಬ್ಬೀಲಿ ಉಳ್ಕೊಂಡಿದೆ. ಏನ್ಮಾಡ್ಲಿ?

ಉತ್ತರ: ಮೊದ್ಲು ಗಾಡಿ ಓಡಿಸೋದು ನಿಲ್ಸಿ, ಪೇಟೆಗೆ ಒಂದ್ಸಲ ಹೋಗ್ಬಂದು ಆಮೇಲೆ ನೋಡ್ತೀನಿ ಅನ್ನೋದೂ ಬೇಡ. ಆ ವಾಷರ್ ಹೆಚ್ಚಿಗೆ ಬಂದಿದ್ದಲ್ಲ, ನಟ್ಟು ಮತ್ತೆ ಚಕ್ರದ ಹಬ್ (ಚಕ್ರದ ನಡುಭಾಗ) ನಡುವೆ ಕೂರ್ಬೇಕಾದ್ದು. ಅದಿಲ್ದಿದ್ರೆ ನಟ್ಟು ಕೈಗೆ ಟೈಟ್ ಅನ್ಸಿದ್ರೂ ಹಬ್ಬನ್ನ ಸರಿಯಾಗಿ ಅದುಮಲ್ಲ, ಚಕ್ರ ತಿರುಗಿಸೋ ಶಾಫ್ಟ್ ಮೇಲಿರೋ ಉದ್ದುದ್ದ ಹಲ್ಲುಗಳ ಮೇಲೆ (ಸ್ಪ್ಲೈನ್ ಅಂತಾರಲ್ಲ) ಹಬ್ ಹಿಂದೆ ಮುಂದೆ ಆಡುತ್ತೆ, ಟಕ್ ಅನ್ನೋದು ಅದೇ. ನಮ್ಮ ಮಾವನ ಸ್ಕೂಟರಲ್ಲಿ ಹೀಗೇ ಆಗಿ, ಮಡಿಕೇರಿ ಕಡೆ ಏರು ಹತ್ತುವಾಗ ಎಂಜಿನ್ ಬೊಬ್ಬೆ ಹೊಡೀತಿದೆ ಚಕ್ರ ಮಾತ್ರ ತಿರುಗ್ತಿಲ್ಲ, ಬಿಚ್ಚಿ ನೋಡಿದ್ರೆ ಹಬ್ ಒಳಗೆ ಕುಂಕುಮದ ಹಾಗೆ ಕೆಂಪು ತುಕ್ಕಿನ ಪುಡಿ, ಹಲ್ಲೆಲ್ಲ ಸವೆದು ನುಣ್ಣಗೆ. ಪುಣ್ಯಕ್ಕೆ ಹಿಂದೆ ಲಾರಿ ಇರ್ಲಿಲ್ಲ.

ಚಕ್ರ ಯಾಕೆ ಒಳಗೆ ಹೋಗ್ಲಿಲ್ಲ ಅಂದ್ರೆ, ನೀವು ಬ್ರೇಕ್ ಲೂಸ್ ಮಾಡಿರಲ್ಲ. ಡ್ರಮ್ ಚಕ್ರದಲ್ಲೇ ಇರುತ್ತೆ, ಅದರ ಒಳಗೋಡೆಗೆ ಒತ್ತಿ ಚಕ್ರ ನಿಲ್ಸೋ ಬ್ರೇಕ್ ಶೂ ಎಂಜಿನ್ ಕಡೆ ಉಳ್ಕೊಳ್ಳುತ್ತೆ, ಶೂ ಅಗಲವಾಗಿ ನಿಂತಿದ್ರೆ ಡ್ರಮ್ ಅದರ ಮೇಲೆ ಜಾರಲ್ಲ. ಕೇಬಲ್ ತುದೀಲಿರೋ ಅಡ್ಜಸ್ಟರ್ ನಟ್ಟು ಏಳೆಂಟು ಸುತ್ತು ಹಿಂದಕ್ಕೆ ತಿರುಗಿಸಿ, ಆಮೇಲೆ ಚಕ್ರ ಎರಡೂ ಕೈಲಿ ನೇರ ಹಿಡ್ದು ಸ್ವಲ್ಪ ಅತ್ತಿತ್ತ ತಿರುಗಿಸ್ತಾ ಒತ್ತಿ, ಹಲ್ಲಿಗೆ ಹಲ್ಲು ಸಿಕ್ಕಿದ ತಕ್ಷಣ ಸರಕ್ಕಂತ ಒಳಗೆ ಹೋಗುತ್ತೆ. ಹೋಗ್ಲಿಲ್ಲ ಅಂದ್ರೆ ಹೊರಗೆ ತೆಗ್ದು ಮತ್ತೆ ನೋಡಿ, ದಯವಿಟ್ಟು ನಟ್ಟು ಹಾಕಿ ಎಳೀಬೇಡಿ, ಸುತ್ತಿಗೆಯಂತೂ ಮುಟ್ಲೇಬೇಡಿ. ಹಲ್ಲುಗಳನ್ನ ಮೊದ್ಲು ಬ್ರಷ್ ಹಾಕಿ ಒರೆಸಿ ತೆಳ್ಳಗೆ ಗ್ರೀಸ್ ಸವರಿ, ನಮ್ಮ ಕಡೆ ಮಳೆಗೆ ತುಕ್ಕು ಹಿಡ್ದು ಚಕ್ರ ಕಚ್ಕೊಂಡ್ರೆ ಮುಂದಿನ್ಸಲ ತೆಗೆಯೋದೇ ಕಷ್ಟ. ಆದ್ರೆ ಡ್ರಮ್ಮಿಗೆ, ಶೂಗೆ ಒಂದು ಬೆರಳಚ್ಚಿನಷ್ಟೂ ಗ್ರೀಸ್ ತಾಗ್ಬಾರ್ದು, ಬ್ರೇಕೇ ಹಿಡಿಯಲ್ಲ. ಡ್ರಮ್ಮಲ್ಲಿರೋ ಧೂಳನ್ನ ಬಾಯಲ್ಲಿ ಊದ್ಬೇಡಿ, ಒದ್ದೆ ಬಟ್ಟೇಲಿ ಒರೆಸಿ.

ಈಗ ವಾಷರ್, ನಟ್ಟು. ಮೊದ್ಲು ಆ ಉಳಿದ ವಾಷರ್ ಹಾಕಿ, ಅದರ ಮೇಲೆ ನಟ್ಟು. ಇಂಥ ಸ್ಕೂಟರ್‌ಗಳ ಹಿಂದಿನ ನಟ್ಟಿಗೆ ಸಾಮಾನ್ಯವಾಗಿ 100 ನ್ಯೂಟನ್ ಮೀಟರ್‌ಗೂ ಜಾಸ್ತಿ ಬಿಗಿ ಬೇಕು, ಅಂದ್ರೆ ಅರ್ಧ ಮೀಟರ್ ಉದ್ದದ ಹಿಡಿಯ ತುದೀಲಿ 20 ಕೆಜಿಗೂ ಮೇಲೆ ಭಾರ ಬಿದ್ದಷ್ಟು. ಗಾಡಿ ಜೊತೆ ಬರೋ ಗಿಡ್ಡ ಪಾನಾದಲ್ಲಿ ಇದು ಆಗೋ ಕೆಲಸ ಅಲ್ಲ. ನಿಮ್ಮ ಗಾಡಿಯ ನಿಖರ ಅಳತೆ ಸರ್ವಿಸ್ ಮ್ಯಾನ್ಯುವಲ್‌ನಲ್ಲಿರುತ್ತೆ, ಟಾರ್ಕ್ ರೆಂಚ್ (ಎಷ್ಟು ಬಿಗಿ ಆಯ್ತು ಅಂತ ತೋರಿಸೋ ಪಾನಾ) ಇರೋರ ಹತ್ರ ಒಂದು ಗಂಟೆಗೆ ಕೇಳಿ ತನ್ನಿ. ಅಡ್ಜಸ್ಟರ್ ಮೊದಲಿನ ಜಾಗಕ್ಕೆ ತಂದು, ಒಬ್ಬರು ಹಿಂದಿನ ಬ್ರೇಕ್ ಗಟ್ಟಿ ಹಿಡ್ಕೊಳ್ಳಲಿ, ಇನ್ನೊಬ್ಬರು ಬಿಗೀಲಿ. ಲಾಕ್ ನಟ್ಟಾಗಿದ್ರೆ (ತಾನಾಗಿ ಲೂಸ್ ಆಗದ ಹಾಗೆ ಮಾಡಿರೋ ನಟ್ಟು) ಹೊಸದೇ ಹಾಕಿ, ಹಳೇದು ಒಂದ್ಸಲ ತಾನಾಗಿ ಲೂಸ್ ಆಗಿದೆ, ನಂಬೋ ಹಾಗಿಲ್ಲ.

ಅಂಗಳ ಇಳಿಜಾರಿದ್ರೆ ಸಮತಟ್ಟಾದ ಜಾಗಕ್ಕೆ ತಂದು ಡಬಲ್ ಸ್ಟ್ಯಾಂಡ್ ಹಾಕಿ, ಮುಂದಿನ ಚಕ್ರಕ್ಕೆ ಎರಡೂ ಕಡೆ ಕಲ್ಲು ಕೊಡಿ.

ಸೈಲೆನ್ಸರಿಗೆ ಹೊಸ ಗ್ಯಾಸ್ಕೆಟ್ (ಹೊಗೆ ಸೋರದ ಹಾಗೆ ಜೋಡಣೆ ನಡುವೆ ಹಾಕೋ ರಿಂಗ್) ಹಾಕಿ, ಎಲ್ಲಾ ನಟ್ಟು ಬೋಲ್ಟು ಕೈಲೇ ಹಿಡಿಸಿ, ಮೊದ್ಲು ಎಂಜಿನ್ ಹತ್ರದ್ದು ಆಮೇಲೆ ಹಿಂದಿನದು ಬಿಗಿ ಮಾಡಿ. ಬ್ರೇಕ್ ಲಿವರ್ 2ರಿಂದ 3 ಸೆಂಟಿಮೀಟರ್ ಆಡಿ ಹಿಡಿಯೋ ಹಾಗಿರ್ಲಿ. 2019ರ ಏಪ್ರಿಲ್ ಆದ್ಮೇಲಿನ ಗಾಡಿಯಾದ್ರೆ ಕಾಂಬಿ ಬ್ರೇಕ್ ಇರುತ್ತೆ, ಎಡಗಡೆ ಲಿವರ್ ಒತ್ತಿದಾಗ ಮುಂದಿನ ಚಕ್ರಾನೂ ಹಿಡೀತಾ ಇದೆಯಾ ನೋಡ್ಕೊಳ್ಳಿ.

ಇಷ್ಟೆಲ್ಲ ಮಾಡೋಕ್ಮುಂಚೆ ಹಬ್ ಒಳಗೆ ಟಾರ್ಚ್ ಬಿಟ್ಟು ನೋಡಿ. ಹಲ್ಲಿನ ಅಂಚು ಚೌಕವಾಗಿದ್ರೆ ಸರಿ, ಚೂಪಾಗಿ ಸವೆದಿದ್ರೆ ಚಕ್ರ ಬದಲಾಯಿಸ್ಬೇಕು. ಶಾಫ್ಟಿನ ಹಲ್ಲೂ ಹೋಗಿದ್ರೆ ಗೇರ್ ಬಾಕ್ಸ್ ಬಿಚ್ಬೇಕಾಗುತ್ತೆ, ಅದನ್ನ ಮನೇಲಿ ಮಾಡ್ಬೇಡಿ, ಪಿಕಪ್‌ಗೆ ಹಾಕ್ಕೊಂಡು ಮೆಕ್ಯಾನಿಕ್ ಹತ್ರಾನೇ ಒಯ್ಯಿರಿ.